ಫಜ್ ಪೆಡಲ್‌ನಲ್ಲಿ ಬಂದ ಮುಟುರು ರೋಗ

ಎಪ್ಪತ್ತೆಂಟನೇ ಇಸವಿಯಲ್ಲಿ ಸವಣೂರು ತಾಲೂಕಿನ ಶ್ರೇಷ್ಠ ಎಲೆಕ್ಟ್ರಿಕ್ ಗಿಟಾರ್ ವಾದಕ ನಾನೇ! ಹೋಲಿಸಿ ನೋಡಲು ಇನ್ನೊಬ್ಬನಿರಲಿಲ್ಲ. ಮುಂಬೈ ರೆಕಾರ್ಡುಗಳಲ್ಲಿ ಕೇಳುವ ಆ ದಪ್ಪ, ಒರಟು ನಾದವೊಂದು ಕೈಗೆ ಸಿಕ್ಕರೆ ಧಾರವಾಡ ಜಿಲ್ಲೆಯನ್ನೇ ಅಲ್ಲಾಡಿಸುತ್ತೇನೆಂದು ಪಣ ತೊಟ್ಟು, ಹುಬ್ಬಳ್ಳಿಯಿಂದ ಫಜ್ ಪೆಡಲ್ ತಂದೆ. ಅದೊಂದು ಪುಟ್ಟ ಕಬ್ಬಿಣದ ಡಬ್ಬಿ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಜೋಡಿಸಿ ಕಾಲಿನಿಂದ ಒತ್ತಿದರೆ ಸಾಕು, ಗಿಟಾರಿನ ಗಂಟಲು ಕಟ್ಟುತ್ತದೆ.

ಮೊದಲ ಸಲ ಒತ್ತಿದಾಗ ಹೆಂಡತಿ ಶಂಕ್ರವ್ವ ಅಡುಗೆಮನೆಯಿಂದ ಓಡಿ ಬಂದಳು.

“ಯಾಕ್ರಿ, ಗಿರಣಿ ಬೆಲ್ಟ್ ಹರದಂಗ ಕೇಳಾಕತ್ತೈತಿ?”

“ಇದಕ್ಕ ಟೋನ್ ಅಂತಾರ.”

“ರಿಪೇರಿ ಆಗೂದಿಲ್ಲೇನ್ರಿ?”

ರಿಪೇರಿಗೆ ಒಂದು ಬೇಸಿಗೆ ಹಿಡಿಯಿತು. ಗಿಟಾರಿನ ವಾಲ್ಯೂಮ್ ತುಸು ಇಳಿಸಿದರೆ ಕರ್ಕಶ ಹೋಗಿ ನಾದ ಉಳಿಯುತ್ತದೆ. ಎರಡು ತಂತಿ ಒಟ್ಟಿಗೆ ಮೀಟಿದರೆ ಅವು ಸವತಿಯರಂತೆ ಜಗಳಕ್ಕೆ ಬೀಳುತ್ತವೆ. ಇಷ್ಟು ಕಲಿಯುವಷ್ಟರಲ್ಲಿ ಓಣಿಯವರು ನಮ್ಮ ಮನೆಯ ಮುಂದೆ ಹಾಯುವುದನ್ನೇ ಬಿಟ್ಟಿದ್ದರು. ಕೊನೆಗೊಂದು ಮಧ್ಯಾಹ್ನ ಜೇನಿನಂಥ ಗಟ್ಟಿ ನಾದ ಹೊರಟಿತು. ಶಂಕ್ರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. ತಕ್ಷಣ ಬಂಕಾಪುರದಲ್ಲಿ ನಡೆಯುವ ತನ್ನ ತಮ್ಮನ ಮದುವೆಗೆ ನಾನು ಗಿಟಾರ್ ನುಡಿಸುವ ಆರ್ಕೆಸ್ಟ್ರಾವೇ ಆಗಬೇಕೆಂದು ತೌರಿನಲ್ಲಿ ಹಟ ಹಿಡಿದಳು.

ಮಾವ ಹೊಳಬಸಪ್ಪನವರು ಮೆಣಸಿನಕಾಯಿ ಬೆಳೆಗಾರರು. ಕೆಲಸ ತಪ್ಪಿಸಲು ಅಳಿಯ ಕಂಡುಕೊಂಡ ಉಪಾಯವೇ ಗಿಟಾರು ಎಂದು ಊರೆಲ್ಲ ಹೇಳಿಕೊಂಡು ಬಂದವರು. ಮಗಳ ಹಟಕ್ಕೆ ಮಣಿದು ಒಪ್ಪಿದರು. ಅವರ ಬಾಯಿ ಮುಚ್ಚಿಸಲು ಇದೇ ಸಂದರ್ಭ! ನುಡಿಸುತ್ತ ನುಡಿಸುತ್ತ ಬೀಗರ ನಡುವೆ ಓಡಾಡಬೇಕೆಂದು, ಗಿಟಾರಿನಿಂದ ಪೆಡಲ್‌ವರೆಗೆ ಮಾಮೂಲಿ ಕರೆಂಟಿನ ವೈರು ಕೂಡಿಸಿ ಉದ್ದ ಮಾಡಿದೆ. ಯಾರ ಕಾಲಿಗೂ ತೊಡರದಿರಲೆಂದು ಅದನ್ನು ಹಂದರದ ಗಳಕ್ಕೆ ಸುತ್ತಿದೆ.

ಮದುವೆಯ ಸಂಜೆ ಪೆಡಲ್ ಒತ್ತಿ, ವೇದಿಕೆ ಇಳಿದು, ಬೀಗರ ನಡುವೆ ನಿಂತು ತಂತಿ ಮೀಟಿದೆ. ಗುಡುಗಿನಂಥ ನಾದ! ಅದರ ಬೆನ್ನಿಗೇ ಗಂಭೀರ ಗಂಡುದನಿ:

“ರೈತ ಬಾಂಧವರೇ, ಮುಟುರು ರೋಗ ತಗುಲಿದ ಮೆಣಸಿನ ಗಿಡದ ಎಲೆಗಳು ಮುದುಡುತ್ತವೆ…”

ಹಂದರಕ್ಕೆ ಸುತ್ತಿದ ವೈರು ಏರಿಯಲ್ ಆಗಿ, ಪೆಡಲ್ ರೇಡಿಯೊ ಹಿಡಿದಿತ್ತು! ಗಿಟಾರಿನ ವಾಲ್ಯೂಮ್ ಪೂರ್ತಿ ಇಳಿಸಿದೆ. ಹಾಡು ನಿಂತಿತು, ರೋಗ ನಿಲ್ಲಲಿಲ್ಲ. ಪೆಡಲ್ ಆರಿಸಲು ವೇದಿಕೆಯತ್ತ ಓಡಹೊರಟರೆ ಸುತ್ತಲಿದ್ದ ಮೆಣಸಿನಕಾಯಿ ರೈತರು ಅಂಗಿ ಹಿಡಿದು ನಿಲ್ಲಿಸಿದರು. ಇಸ್ಪೀಟು ಆಡುತ್ತಿದ್ದವರು ಎಲೆ ಕೆಳಗಿಟ್ಟು ಬಂದರು. ಮದುಮಗನೂ ಬಾಸಿಂಗ ಸರಿಸಿ ಕಿವಿಗೊಟ್ಟ. ಕೊರಳಲ್ಲಿ ಗಿಟಾರು ನೇತುಹಾಕಿಕೊಂಡು ನಾನು ಏರಿಯಲ್ ಕಂಬದಂತೆ ನಿಂತೆ.

ಭಾಷಣ ಮುಗಿದು ಬರೀ ಗೊರಗೊರ ಸದ್ದು ಉಳಿದಾಗ ಹಂದರ ಹಾರಿಹೋಗುವಂಥ ಚಪ್ಪಾಳೆ. ಮಾವ ಎದ್ದು ಬಂದು, ಮದುವೆಯಾದಾಗಿನಿಂದ ಮೊದಲ ಬಾರಿಗೆ ನನ್ನ ಹೆಗಲ ಮೇಲೆ ಕೈಯಿಟ್ಟರು.

“ಅಳಿಯಂದ್ರ, ಭಾಳ ಛಲೋ ಬಾರಿಸಿದ್ರಿ.”

ನನ್ನ ಎದೆ ಉಬ್ಬಿತು.

“ಹೊಡಿಯೂ ಔಷಧದ ಹೆಸರು ಅಷ್ಟ ಸರಿಯಾಗಿ ಕೇಳಲಿಲ್ಲ. ಅದನ್ನೊಂದು ತಿರುಗಿ ಬಾರಸ್ರಿ.”