ಹಸಿರು ಟ್ಯಾಗಿಗಾಗಿ ಕಟ್ಟಿದ ಸಾರ್ವೆಗಳು

ನಾನು ಕಟ್ಟಿದ ಸಾರ್ವೆ ಇವತ್ತಿನವರೆಗೂ ಬಿದ್ದಿಲ್ಲ. ಬಿದ್ದಿದ್ದು ನನ್ನ ಮಾನ ಮಾತ್ರ, ಅದೂ ಹೆಚ್ಚುಕಮ್ಮಿ ವಾರಕ್ಕೊಂದು ಸಲ.

ಬಂಗಾರಪೇಟೆ ಪಕ್ಕದ ಹಳ್ಳಿಯವನು ನಾನು. ಬೆಳಗ್ಗೆ ಹಸು ಕರೆದು, ಡೈರಿಗೆ ಹಾಲು ಹಾಕಿ, ಎಂಟಕ್ಕೆಲ್ಲ ಕಾರ್ಖಾನೆ ಗೇಟಿನಲ್ಲಿರ್ತೀನಿ. ರಿಪೇರಿಯವರು, ಪೇಂಟಿನವರು ಎತ್ತರದಲ್ಲಿ ನಿಂತು ಕೆಲಸ ಮಾಡೋಕೆ ಸಾರ್ವೆ ಕಟ್ಟೋದು ನನ್ನ ಕಸುಬು. ನನ್ನಷ್ಟು ಚುರುಕಾಗಿ ಪೈಪು ಹತ್ತೋನು ಉರಿಗಾಂನಿಂದ ಬಂಗಾರಪೇಟೆವರೆಗೂ ಸಿಗಲ್ಲ. ಇದನ್ನು ನಾನೇ ಹೇಳಬೇಕೇ ಅಂತ ಕೇಳಬೇಡಿ. ಬೇರೆ ಯಾರೂ ಹೇಳದಿದ್ದಾಗ ಇನ್ನೇನು ಮಾಡಲಿ?

ಕಟ್ಟಿದ ಸಾರ್ವೆಯನ್ನು ಪರೀಕ್ಷೆ ಮಾಡಿ, ಎಷ್ಟು ಭಾರ ಹೊರುತ್ತೆ, ಮತ್ತೆ ಯಾವಾಗ ತಪಾಸಣೆ ಅಂತ ಬರೆದ ಟ್ಯಾಗು ಹಾಕ್ತಾರೆ. ಸರಿಯಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಹಾಕೋರು ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನ ಒಬ್ಬ ಹಿರಿಯರು. ಹರೆಯದಲ್ಲಿ ಗಣಿಯೊಳಗಿಳಿದು, ಮೇಲಿನ ಬಂಡೆ ತಲೆ ಮೇಲೆ ಬೀಳದ ಹಾಗೆ ಮರ ಕೊಟ್ಟು ನಿಲ್ಲಿಸುತ್ತಿದ್ದವರು. ಗಣಿ ಮುಚ್ಚಿತು. ಅವರ ಅನುಮಾನ ಮುಚ್ಚಲಿಲ್ಲ.

ಬಲ್ಬಿಗೊಂದು ಬಂಗಲೆ

ಶೆಡ್ಡಿನ ಎತ್ತರದಲ್ಲಿ ಒಂದು ಬಲ್ಬು ಹೋಗಿತ್ತು. ನೆಲ ಸಪಾಟು, ಕೆಲಸ ಹತ್ತು ನಿಮಿಷದ್ದು. ಗಾಲಿ ಸಾರ್ವೆ ತಳ್ಳಿಕೊಂಡು ಹೋದರೆ ಮುಗೀತು. ನಾನು ಮಾತ್ರ ಪೈಪು, ಕ್ಲಾಂಪು ಹಾಕಿ ನಾಲ್ಕೂ ಕಡೆ ಕಟ್ಟಿದೆ. ಯಾಕೆಂದರೆ ಗಾಲಿ ಸಾರ್ವೆಗೆ ಕ್ಲಾಂಪು ಬೇಕಿಲ್ಲ, ಪೈಪಿನ ಸಾರ್ವೆಗೆ ಬೇಕು. ಕ್ಲಾಂಪು ಬೇಕಂದರೆ ಸ್ಟೋರಿಗೆ ಹೋಗಬೇಕು. ಸ್ಟೋರಿನ ಕಿಟಕಿಯಲ್ಲಿ ಅವಳಿರ್ತಾಳೆ.

ಐದು ಸಲ ಹೋದೆ. ಐದನೇ ಸಲ ಅವಳೇ ಕೇಳಿದಳು, "ಏನ್ ಕಟ್ತಾ ಇದ್ದೀಯ, ಬಂಗ್ಲೇನಾ?"

ಹಿರಿಯರು ಬಂದು ಒಂದು ಸುತ್ತು ಹಾಕಿ ನನ್ನ ಮುಖ ನೋಡಿದರು. "ಏನ್ ತಂಬಿ, ಬಲ್ಬು ಹಾಕ್ತೀಯೋ, ಬಲ್ಬಿಗೆ ಮದ್ವೆ ಮಾಡ್ತೀಯೋ?" ಕೆಂಪು ಟ್ಯಾಗು ನೇತುಹಾಕಿ ಹೊರಟರು.

ನಾನು ಸಿಟ್ಟಿನಿಂದ ಸ್ಟೋರಿಗೆ ಹೋಗಿ ಕ್ಲಾಂಪಿನ ಮೂಟೆ ಇಳಿಸಿದೆ. "ಆ ಮುದುಕಂಗೆ ಸಾರ್ವೆ ಅಂದ್ರೆ ಏನು ಅಂತಾನೇ ಗೊತ್ತಿಲ್ಲ. ನನ್ ಕೆಲಸ ನೋಡಿ ಒಟ್ಟೆಕಿಚ್ಚು!"

ಅವಳು ಕ್ಲಾಂಪು ಎಣಿಸುತ್ತಾ ತಲೆಯೆತ್ತದೆ ಹೇಳಿದಳು. "ಅವ್ರು ನಮ್ಮಪ್ಪ."

ನಡೆದುಹೋದ ಸಾರ್ವೆ

ಒಂದು ವಾರ ಆ ಕಿಟಕಿ ಕಡೆ ಸುಳಿಯಲಿಲ್ಲ. ಕೊನೆಗೆ ಧೈರ್ಯ ಮಾಡಿ ಮದುವೆ ಮಾತೆತ್ತಿದೆ. ಅವಳು ಒಂದೇ ಷರತ್ತು ಹಾಕಿದಳು: "ನಮ್ಮಪ್ಪನ ಕೈಲಿ ಒಂದು ಅಸಿರು ಟ್ಯಾಗು ಇಸ್ಕಂಡ್ ಬಾ. ಆಮ್ಯಾಕೆ ಮಾತು."

ಅದೇನು ಮಹಾ ಅಂದುಕೊಂಡೆ. ಅಂಗಳದ ಗೋಡೆಗೆ ಪೇಂಟು ಬಳಿಯೋ ಕೆಲಸ ಬಂತು. ಬಲ್ಬಿನ ಪಾಠ ನೆನಪಿತ್ತಲ್ಲ, ಈ ಸಲ ಜಾಣತನದಿಂದ ಗಾಲಿ ಸಾರ್ವೆ ತಂದೆ. ಪೇಂಟರಣ್ಣನನ್ನು ಹತ್ತಿಸಿ, ಹಿರಿಯರನ್ನು ಕರೆಯೋಕೆ ಒಬ್ಬ ಹುಡುಗನನ್ನು ಕಳಿಸಿದೆ. ಅಂಗಳ ಕ್ಯಾಂಟೀನ್ ಕಡೆಗೆ ಇಳಿಜಾರು ಅನ್ನೋದನ್ನು ನಾನು ಗಮನಿಸಿರಲಿಲ್ಲ. ಸಾರ್ವೆ ಗಮನಿಸಿತ್ತು.

"ಲೇ, ಗ್ವಾಡೆ ಓಡ್ತಾ ಐತೆ ಕಣ್ಲಾ!" ಮೇಲಿಂದ ಕೂಗು. ನೋಡ್ತೀನಿ, ಪೇಂಟರಣ್ಣ ಗೋಡೆಗೆ ಒತ್ತಿದ ಕುಂಚ ಬಿಟ್ಟಿಲ್ಲ, ಹಳದಿ ಗೆರೆ ಉದ್ದಕ್ಕೆ ಬೆಳೀತಾ ಹೋಗ್ತಿದೆ. ನಾನು ಪೈಪು ಹಿಡಿದು ಹಿಂದಕ್ಕೆ ಜಗ್ಗಿದೆ. ಅದು ನನ್ನನ್ನೂ ಎಳಕೊಂಡು, ಮದುವೆ ಮೆರವಣಿಗೆ ಥರ ನಿಧಾನವಾಗಿ ಸಾಗಿ ಕ್ಯಾಂಟೀನ್ ಬಾಗಿಲಲ್ಲಿ ನಿಂತಿತು.

ಕ್ಯಾಂಟೀನಿನವನು ಹೊರಗೆ ಬಂದು ತಲೆಯೆತ್ತಿ ನೋಡಿ ಕೇಳಿದ, "ಅಣ್ಣೋ, ಟೀ ಮ್ಯಾಲಕ್ಕೇ ಕೊಡ್ಲಾ?"

ಅಷ್ಟರಲ್ಲಿ ಹಿರಿಯರು ಬಂದರು. ಕೆಂಪು ಟ್ಯಾಗನ್ನು ಸಾರ್ವೆಗೆ ಹಾಕಲಿಲ್ಲ. "ಇದು ನಿಂತ ಜಾಗದಲ್ಲಿ ನಿಲ್ಲಲ್ಲ ತಂಬಿ, ನೀನೇ ಇಟ್ಕೋ," ಅಂತ ನನ್ನ ಕೈಗೇ ಕೊಟ್ಟರು.

ಒಂದು ಕ್ಲಾಂಪು ಸಡಿಲ

ಆಮೇಲೆ ನಿಜವಾದ ಕೆಲಸ ಬಂತು. ದೊಡ್ಡ ನೀರಿನ ತೊಟ್ಟಿಯ ಮೇಲೆ ಹಾದುಹೋಗುವ ಪೈಪು ಸೋರುತ್ತಿತ್ತು. ಕೆಳಗೆ ನೀರು, ಕಾಲು ಊರೋಕೆ ಜಾಗವಿಲ್ಲ. ಬದುಕಿನಲ್ಲಿ ಮೊದಲ ಸಲ ಪೈಪು ಮುಟ್ಟೋ ಮುಂಚೆ ಕೂತು ಯೋಚನೆ ಮಾಡಿದೆ. ಕೆಳಗಿಂದ ಕಟ್ಟಬಾರದು, ಮೇಲಿನ ತೊಲೆಯಿಂದ ಇಳಿಬಿಡಬೇಕು. ತೂಗುಸಾರ್ವೆಗೆ ಕ್ಲಾಂಪು ಕಮ್ಮಿ. ಸ್ಟೋರಿಗೆ ಒಂದೇ ಸಲ ಹೋದೆ. ಪ್ರೀತಿಗೋಸ್ಕರ ನಾನು ಮಾಡಿದ ತ್ಯಾಗ ಅಂದರೆ ಅದೇ.

ಹಿರಿಯರು ಜೇಬಿಂದ ಸಣ್ಣ ಸ್ಪ್ಯಾನರ್ ತೆಗೆದು ಒಂದೊಂದೇ ಕ್ಲಾಂಪಿಗೆ ತಟ್ಟಿ ಕಿವಿಗೊಟ್ಟರು. ಟಣ್, ಟಣ್, ಟಣ್... ಟಪ್.

"ಕೇಳ್ತಾ? ಇದು ಸಡಿಲ. ಗಣಿಯೊಳಗೆ ಮರನೂ ಹಿಂಗೇ, ತಟ್ಟಿದ್ರೆ ಹೇಳ್ತಿತ್ತು."

ಬಿಗಿ ಮಾಡಿದೆ. ಟಣ್! ಅವರು ಹಸಿರು ಟ್ಯಾಗು ಹಾಕಿದರು. ನನ್ನ ಕಣ್ಣಲ್ಲಿ ನೀರು ಬಂತು. ತುಕ್ಕು ಬಿತ್ತು ಅಂತ ಒರೆಸಿಕೊಂಡೆ.

"ಸಾರ್, ಇನ್ನೊಂದು ಕೇಳಬೇಕಿತ್ತು."

"ಸ್ಟೋರಿಂದಾ?"

"ಊಂ ಸಾರ್."

"ಕ್ಲಾಂಪಾ?"

"ಅಲ್ಲ ಸಾರ್."

ಸ್ಪ್ಯಾನರನ್ನು ಒರೆಸಿ ಜೇಬಿಗಿಟ್ಟುಕೊಂಡು ಹೇಳಿದರು: "ಭಾನುವಾರ ಮನೆಗೆ ಬಾ. ನಿಮ್ಮವ್ವನ್ನೂ ಕರ್ಕೊಂಡ್ ಬಾ. ನಡೆದು ಬಾ, ಗಾಲಿ ಮೇಲೆ ಬೇಡ."

ಕೊನೇ ತಪಾಸಣೆ

ಚಾಂಪಿಯನ್ ರೀಫ್ಸ್‌ನ ಪುಟ್ಟ ಮನೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನೆಟ್ಟಗೆ ಕೂತೆ. ನಮ್ಮವ್ವ ತಂದಿದ್ದ ತುಪ್ಪದ ಡಬ್ಬಿ ಕೊಟ್ಟು ನನ್ನ ಗುಣಗಾನ ಶುರುಮಾಡಿದಳು. ಹಿರಿಯರು ತಲೆಯಾಡಿಸುತ್ತಾ ಮಗಳ ಕಡೆ ತಿರುಗಿದರು. "ಏನಮ್ಮಾ, ನಿಂಗೆ ಒಪ್ಪಿಗೇನಾ?"

"ಒಂದು ಬಲ್ಬಿಗೆ ಐದ್ಸಲ ಬಂದೋನು, ಮನೇಗೆ ದಿನಾ ತಪ್ಪದೆ ಬತ್ತಾನೆ ಬಿಡಪ್ಪ," ಅಂದಳು.

ಹಿರಿಯರು ಎದ್ದು ಒಳಗಿಂದ ಹಸಿರು ಟ್ಯಾಗು ತಂದು, ಅದರ ಮೇಲೆ ಏನೋ ಬರೆದು, ನನ್ನ ಅಂಗಿಯ ಗುಂಡಿಗೆ ನೇತುಹಾಕಿದರು.

"ಏನ್ ಬರ್ದವ್ರೆ ಓದ್ಲಾ," ಅಂದಳು ಅವ್ವ.

ಓದಿದೆ. "ಹೊರಬಹುದಾದ ಭಾರ: ಒಬ್ಬಳು ಹೆಂಡತಿ. ತಪಾಸಣೆ: ಏಳು ದಿನಕ್ಕೊಮ್ಮೆ."

ಅವ್ವ ಯೋಚನೆ ಮಾಡಿ ಹೇಳಿದಳು, "ವಾರಕ್ಕೊಂದ್ಸಲ ಸಾಲ್ದು ಕಣಣ್ಣ. ಇವ್ನು ಉಟ್ಟಿದಾಗಿಂದ ನಾನು ದಿನಾ ನೋಡ್ತಾ ಇವ್ನಿ, ಇನ್ನೂ ಅಲ್ಲಾಡ್ತಾನೆ."

ಹಿರಿಯರಿಗೆ ಅನುಮಾನ ಬಂತು. ಬೆರಳ ಗೆಣ್ಣಿನಿಂದ ನನ್ನ ತಲೆಗೆ ತಟ್ಟಿ, ಕಿವಿಗೊಟ್ಟು, ಮಗಳನ್ನು ನೋಡಿದರು. "ಟಪ್ ಅಂತೈತಲ್ಲಮ್ಮಾ!"

ಅವಳು ನನ್ನ ಕೈಗೆ ಕಾಫಿ ಲೋಟ ಕೊಟ್ಟು ಹೇಳಿದಳು, "ಇರ್ಲಿ ಬಿಡಪ್ಪ. ಸ್ಪ್ಯಾನರ್ ನನ್ನತ್ರಾನೇ ಐತೆ."