ಪಾದರಸದ ಮೇಲೆ ಮೀಸೆ ಪಣ

ನಂಬಿದ್ರೆ ನಂಬಿ, ಇಲ್ಲಾಂದ್ರೆ ಜಿಗಣಿಗೆ ಬಂದು ನನ್ನ ಮೀಸೆ ನೋಡಿ. ಆನೇಕಲ್ ಪಕ್ಕದ ಹಳ್ಳಿಯವನು ನಾನು. ಚಿಮಣಿ ಹತ್ತಿ, ಹೊಗೆಯಲ್ಲಿ ಪಾದರಸ ಎಷ್ಟಿದೆ ಅಂತ ಅಳೆಯೋದು ನನ್ನ ಕೆಲಸ. ನಾನು ಮೇಲೆ ಹತ್ತಿದಾಗಲೆಲ್ಲ ಕೆಳಗೆ ಏನಾದರೊಂದು ನಡೆದೇ ನಡೆಯುತ್ತೆ. ಆಸ್ಪತ್ರೆ ಕಸ ಸುಡುವ ಒಂದು ಘಟಕದ ಕಥೆ ಮಾತ್ರ ಹೇಳ್ತೀನಿ.

೧. ಬಚ್ಚಲೊಲೆ ವಾಸನೆ

ಒಡೆದ ಥರ್ಮಾಮೀಟರು, ಹಳೇ ಬಿ.ಪಿ. ಯಂತ್ರ ಎಲ್ಲ ಭಟ್ಟಿಗೆ ಬೀಳುವ ಜಾಗ ಅದು. ಆದರೂ ಮೊದಲ ದಿನ ಮೀಟರಿನಲ್ಲಿ ಪಾದರಸದ ಸುಳಿವೇ ಇಲ್ಲ. ಘಟಕದ ಮ್ಯಾನೇಜರ್ ನಗ್ತಾ ನಿಂತಿದ್ದರು. ನಾನು ಹೊಗೆ ಮೂಸಿ ನೋಡಿದೆ.

"ಸಾರ್, ಇದು ಆಸ್ಪತ್ರೆ ಕಸದ ಹೊಗೆ ಅಲ್ಲ, ನಮ್ಮಜ್ಜಿ ಬಚ್ಚಲೊಲೆ ಹೊಗೆ. ತೆಂಗಿನ ಚಿಪ್ಪು ಹಾಕಿಸಿದ್ದೀರಿ."

"ಮನೆಗೆ ನೆಂಟರು ಬಂದ್ರೆ ದಿನದ ಅಡುಗೇನೇ ಬಡಿಸ್ತೀರೇನ್ರೀ?" ಅಂದರು.

೨. ಚಿಪ್ಪಿನ ಸೇಡು

ನಿಜವಾದ ಕಸ ಹಾಕಿಸಿದೆವು. ಪಾದರಸ ಮಿತಿ ದಾಟಿತು. ನಮ್ಮ ಲ್ಯಾಬಿನ ಮೇಡಂ ಉಪಾಯ ಹೇಳಿದರು: ಹೊಗೆಯೊಳಗೆ ನುಣ್ಣನೆ ಇದ್ದಿಲ ಪುಡಿ ಊದಿದರೆ ಪಾದರಸ ಅದಕ್ಕೆ ಅಂಟುತ್ತೆ, ಆ ಪುಡಿಯನ್ನು ಚಿಮಣಿಗೆ ಮುಂಚೆ ಹೊಗೆ ಸೋಸುವ ಬಟ್ಟೆಚೀಲ ಹಿಡಿಯುತ್ತೆ.

"ಯಾವುದರ ಇದ್ದಿಲು ಮೇಡಂ?"

"ತೆಂಗಿನ ಚಿಪ್ಪಿಂದು."

"ನಾನು ಹಾಕಿದ್ರೆ ಮೋಸ, ನೀವು ಹಾಕಿದ್ರೆ ವಿಜ್ಞಾನ," ಅಂದರು ಮ್ಯಾನೇಜರ್.

ನನಗೆ ರೇಗಿತು. "ಪಾದರಸ ಇಳೀಲಿಲ್ಲ ಅಂದ್ರೆ ಮೀಸೆ ಬೋಳಿಸ್ತೀನಿ ಸಾರ್."

"ಇಳೀಲಿಲ್ಲ ಅಂದ್ರೆ ನನ್ನ ಘಟಕಕ್ಕೆ ಬೀಗ ಕಣಯ್ಯಾ. ನಿನ್ನ ಮೀಸೆ ಆದ್ರೆ ಮತ್ತೆ ಬೆಳೆಯುತ್ತೆ. ಇರ್ಲಿ, ಸಲೂನಿನವನನ್ನ ಕರೆಸಿರ್ತೀನಿ."

೩. ಕೆಂಪು ಕೊಳವೆ

ಪರೀಕ್ಷೆ ದಿನ ಪುಡಿ ಊದಿದೆವು. ಮೀಟರು ಇಳಿಯೋದು ಬಿಟ್ಟು ಏರಿತು. ಕೆಳಗೆ ಸಲೂನಿನವನು ಕುರ್ಚಿ ಹಾಕಿಕೊಂಡು ಬ್ರಶ್ ತಿರುಗಿಸ್ತಿದ್ದ. "ಬೇಗ ಇಳೀರಿ ಅಣ್ಣ, ನೊರೆ ಆರ್ತದೆ."

ನಾನು ಸೋಲೋ ಪೈಕಿ ಅಲ್ಲ. ಹೊಗೆ ಎಳೆಯುವ ಕೊಳವೆಯನ್ನೇ ಹೊರಗೆ ಎಳೆದೆ. ತುದಿಯೆಲ್ಲ ಕೆಂಪು.

"ಏನ್ ಸಾರ್ ಇದು?" ಅಂತ ಮೇಲಿಂದಲೇ ಮ್ಯಾನೇಜರ್‌ಗೆ ಕೂಗಿದೆ.

"ಬೆಳಿಗ್ಗೆ ಕೊಳವೆಗೆ ಪೂಜೆ ಮಾಡ್ದೆ. ಪಾಸಾಗ್ಲಿ ಅಂತ ಸಿಂಧೂರ ಸ್ವಲ್ಪ ಜಾಸ್ತೀನೇ ಹಚ್ಚಿದೆ."

ಮೇಡಂ ಹಣೆ ಹಿಡಿದುಕೊಂಡರು. "ಕೆಲವು ಸಿಂಧೂರದಲ್ಲೇ ಪಾದರಸ ಇರುತ್ತೆ ಸಾರ್. ಬಿಸಿಗೆ ಅದೇ ಆವಿಯಾಗಿ ಮೀಟರಿಗೆ ಹೋಗಿದೆ."

ಪೂಜೆ ಕಾಣದ ಇನ್ನೊಂದು ಕೊಳವೆ ಹಾಕಿದೆ. ಮೀಟರು ಸರ್ರನೆ ಇಳಿದು, ಮಿತಿಯ ಕೆಳಗೆ ತೆಪ್ಪಗೆ ಕೂತಿತು. ಘಟಕ ಉಳೀತು, ಮೀಸೆ ಉಳೀತು. ಎಬ್ಬಿಸಿದ ನೊರೆ ದಂಡ ಆಗಬಾರದು ಅಂತ ಮ್ಯಾನೇಜರೇ ಕುರ್ಚಿಯಲ್ಲಿ ಕೂತು ಗಡ್ಡ ಹೆರೆಸಿಕೊಂಡರು. ಸಲೂನಿನವನು ನನಗೆ ಮೀಸೆ ಬಾಚೋ ಒಂದು ಸಣ್ಣ ಬಾಚಣಿಗೆ ಕೊಟ್ಟ.