ನಲವತ್ತು ನಿಮಿಷದ ದಾರಿ, ಎರಡು ದಿನದ ಪಾಡು

ಈ ಪರದೇಶದ ಉತ್ತರದ ಕಾಡುಗಳ ಕಡೆ ಕೆಲಸಕ್ಕೆ ಹೋದಾಗಲೆಲ್ಲ ನನಗೊಂದು ಫಜೀತಿ ಕಟ್ಟಿಟ್ಟದ್ದೇ. ಮೊದಲ ಸಲದ್ದು ಹೇಳ್ತೀನಿ, ಕೇಳಿ. ಮೆಡೋವೇಲ್‌ನ ನಮ್ಮ ಆಫೀಸಿನವರು ಎಕ್ಸ್‌ರೇ ಮೆಷಿನ್ ರಿಪೇರಿಗೆ ಅಂತ ನನ್ನನ್ನ ಅಲ್ಲಿಗೆ ಅಟ್ಟಿದ್ದರು. ಎರಡು ಊರು, ಎರಡು ಮೆಷಿನ್. ರಸ್ತೆಯೇ ಇಲ್ಲದ ಊರುಗಳು. ಅಲ್ಲಿ ಪುಟ್ಟ ವಿಮಾನವೇ ಬಸ್ಸು. ಶನಿವಾರ ಮಿಲ್ಟನ್ನಿನ ನಮ್ಮ ಮನೇಲಿ ಮಾವನವರ ಷಷ್ಟಿಪೂರ್ತಿ. ಇರೋ ಒಬ್ಬನೇ ಅಳಿಯ ನಾನು. ತಪ್ಪಿಸಿಕೊಂಡರೆ ನನ್ನ ಕಥೆ ಮುಗೀತು!

೧. ಪಕ್ಕದೂರು

ಮೊದಲನೇ ಊರಿನ ಕೆಲಸ ಬುಧವಾರ ಮುಗೀತು. ಮನೆಗೆ ಫೋನ್ ಮಾಡಿ, "ಇನ್ನೊಂದು ಊರು ನೂರೈವತ್ತು ಕಿಲೋಮೀಟರು" ಅಂದೆ.

"ಅಷ್ಟೇನಾ? ಬೆಂಗಳೂರಿಂದ ಮೈಸೂರಿಗೆ ಹೋದಹಾಗೆ. ಒಂದು ಟ್ಯಾಕ್ಸಿ ಮಾಡ್ಕೊಂಡು ಹೋಗ್ರೀ" ಅಂದಳು ಹೆಂಡತಿ.

"ರಸ್ತೆನೇ ಇಲ್ವೇ ಮಾರಾಯ್ತಿ! ನಡುವೆ ಬರೀ ಕಾಡು, ಕೆರೆ."

ಹಿಂದಿನಿಂದ ಅತ್ತೆಯ ದನಿ ಕೇಳಿತು: "ಹಾಗಾದ್ರೆ ತಿಂಡಿಗೆ ಎಲ್ಲಿ ನಿಲ್ಲಿಸ್ತಾರಂತೆ?"

೨. ಎಷ್ಟು ಹೊತ್ತು?

ವಿಮಾನ ನಿಲ್ದಾಣ ಅಂದರೆ ಒಂದು ಶೆಡ್ಡು. ಕೌಂಟರಿನಲ್ಲಿ ಒಬ್ಬ ಅಜ್ಜಿ ಸ್ವೆಟರ್ ಹೆಣೀತಾ ಕೂತಿದ್ದರು.

"ಎಷ್ಟು ಹೊತ್ತಿನ ದಾರಿ?" ಕೇಳಿದೆ.

"ನಲವತ್ತು ನಿಮಿಷ."

"ಹಾಗಾದ್ರೆ ಎಷ್ಟು ಗಂಟೆಗೆ ತಲುಪ್ತೀನಿ?"

ಅಜ್ಜಿ ಕಿಟಕಿಯಾಚೆ ಮಂಜು ನೋಡಿದರು. "ಗುರುವಾರ" ಅಂದರು. ಇನ್ನೊಂದು ಸಾಲು ಹೆಣೆದು, "ಇಲ್ಲಾಂದ್ರೆ ಶುಕ್ರವಾರ" ಅಂತ ಸೇರಿಸಿದರು.

೩. ಆರು ಕಿಲೋ

ಪುಣ್ಯಕ್ಕೆ ಗುರುವಾರ ಸಂಜೆಗೇ ತಲುಪಿದೆ. ಶುಕ್ರವಾರ ಮಧ್ಯಾಹ್ನ ಎರಡನೇ ಮೆಷಿನ್ನೂ ಸರಿಹೋಯಿತು. ಅವತ್ತು ಹೊರಡೋದು ಒಂದೇ ವಿಮಾನ, ಉಳಿದಿದ್ದು ಒಂದೇ ಸೀಟು. ಪೈಲಟ್ಟೇ ನನ್ನ ಬ್ಯಾಗು ತೂಗಿ, "ಆರು ಕಿಲೋ ಜಾಸ್ತಿ. ಇಳಿಸದಿದ್ರೆ ಕರ್ಕೊಂಡು ಹೋಗಲ್ಲ" ಅಂದ.

ಆದರೆ ಇದೇನು ನಮಗೆ ಹೊಸದೇ? ಬೆಂಗಳೂರಿನ ವಿಮಾನ ಹತ್ತುವಾಗೆಲ್ಲ ನಾವು ಮಾಡೋ ಕೆಲಸ ತಾನೇ! ಮೂಲೆಗೆ ಹೋಗಿ ಮೂರು ಸ್ವೆಟರು, ಎರಡು ಪ್ಯಾಂಟು ಒಂದರ ಮೇಲೊಂದು ಏರಿಸಿದೆ. ಸ್ಪ್ಯಾನರುಗಳು ಒಳಜೇಬಿಗೆ, ಚಟ್ನಿಪುಡಿ ಡಬ್ಬ ಹೊರಜೇಬಿಗೆ, ಉಪ್ಪಿನಕಾಯಿ ಬಾಟಲಿ ಕಂಕುಳಿಗೆ. ಬ್ಯಾಗು ಹಗುರಾಯಿತು. ಗೆದ್ದೆ ಅಂತ ಬೀಗುತ್ತಾ ಬಂದು ನಿಂತೆ.

ಪೈಲಟ್ಟು ಬ್ಯಾಗು ತೂಗಿ ಪಕ್ಕಕ್ಕಿಟ್ಟು, "ಈಗ ನೀವು ಹತ್ತಿ" ಅಂದ.

"ವಿಮಾನಾನಾ?"

"ಅಲ್ಲ, ತಕ್ಕಡಿ."

ಬರುವಾಗ ನನ್ನ ತೂಕ ಬರೀ ಬಾಯಲ್ಲಿ ಕೇಳಿದ್ದರು. ಮದುವೆಗೆ ಮುಂಚಿನ ತೂಕ ಹೇಳಿದ್ದೆ. ಈಗ ಮುಳ್ಳು ನೂರು ದಾಟಿ ನಿಂತಿತು. ಪೈಲಟ್ಟು ಬ್ಯಾಗನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. "ಅದು ಸಣ್ಣಗಾದಷ್ಟೂ ನೀವು ಊದಿಕೊಂಡ್ರಲ್ಲ ಸ್ವಾಮಿ!" ಅಂದ.

ಇಡೀ ಶೆಡ್ಡು ಬಿದ್ದೂ ಬಿದ್ದೂ ನಗುತ್ತಿರುವಾಗ ಒಂದೊಂದೇ ಕಳಚಿದೆ. ಮಾವನವರ ಷಷ್ಟಿಪೂರ್ತಿ ಮುಂದೆ ಮಾನ ಯಾವ ಲೆಕ್ಕ! ಸಾಮಾನನ್ನೆಲ್ಲ ಬ್ಯಾಗಿನ ಸಮೇತ ಅಲ್ಲೇ ಬಿಟ್ಟು ಸೀಟು ಹಿಡಿದೆ.

ಶನಿವಾರ ಬೆಳಗ್ಗೆ ಸರಿಯಾಗಿ ಮುಹೂರ್ತಕ್ಕೆ ಮನೆ ಹೊಕ್ಕೆ. ಅತ್ತೆ ನನ್ನನ್ನ ನೋಡಿದ್ದೇ ಕಣ್ತುಂಬಿಕೊಂಡರು.

"ಅಯ್ಯೋ ಅಳಿಯಂದ್ರೇ, ಎಷ್ಟು ಸೊರಗಿಹೋಗಿದ್ದೀರಿ! ಒಂದೇ ವಾರಕ್ಕೆ ಅರ್ಧ ಆಗಿದ್ದೀರಲ್ಲ!"